ಇಸ್ಬೆಲ್ ಹಾಕಿದ ಎರಡು ಮತ

ಗಾಳಿಯಿಲ್ಲದ ದಿನವೂ ಇಸ್ಬೆಲ್ ಡ್ರೇವರ್ ಗಾಳಿಗೆದುರಾಗಿಯೇ ನಡೆಯುತ್ತಿದ್ದಳು: ತಲೆ ಮುಂದಕ್ಕೆ, ಕೈಗಳೆರಡೂ ತೀರಿಹೋದ ಅಣ್ಣನ ಮೀನುಗಾರ ಕೋಟಿನ ಜೇಬಿನಲ್ಲಿ, ಎದುರು ಬಂದವರು ದಾರಿ ಬಿಡಲೇಬೇಕೆಂಬ ಗತ್ತಿನಲ್ಲಿ. ಎಪ್ಪತ್ತೆಂಟರ ಆ ವೃದ್ಧೆ ಸ್ಕಾಟ್ಲೆಂಡಿನ ನಮ್ಮ ಸ್ಟ್ರಾಮ್‌ನೆಸ್ ಬಂದರಿನಲ್ಲಿ ಯಾವ ಅಭಿಪ್ರಾಯವನ್ನೂ ನುಂಗಿಕೊಂಡವಳಲ್ಲ. ಹೇಳಬೇಕಾದ್ದನ್ನು ಹೇಳಿ ‘ಅಷ್ಟೇ ಮತ್ತೆ’ ಎಂದು ಮಾತಿಗೆ ಬೀಗ ಜಡಿಯುತ್ತಿದ್ದಳು.

ಪಕ್ಕದ ಮನೆಯ ಮುದುಕ, ದೋಣಿ ಬಡಗಿ ಮ್ಯಾನ್ಸಿ ರೆಂಡಲ್ ಅವಳಿಗೆ ತಕ್ಕ ಜೋಡಿ. ನಲವತ್ತು ವರ್ಷಗಳಿಂದ ಪ್ರತಿ ಚುನಾವಣೆಗೂ ಇಬ್ಬರೂ ಜಗಳವಾಡುತ್ತಲೇ ಜೊತೆಯಾಗಿ ಮತಗಟ್ಟೆಗೆ ಹೋಗಿ, ಎದುರುಬದುರು ಮತ ಹಾಕಿ ಒಬ್ಬರದನ್ನೊಬ್ಬರು ಹೊಡೆದುಹಾಕಿ, ಇಸ್ಬೆಲಳ ಅಡುಗೆಮನೆಯಲ್ಲಿ ಬಾರ್ಲಿ ರೊಟ್ಟಿ, ಚೀಸ್ ತಿನ್ನುವುದು ವಾಡಿಕೆ.

ಎರಡು ಸಾವಿರದ ಹದಿನಾಲ್ಕರ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡ್ ಬ್ರಿಟನ್ನಿನ ಒಕ್ಕೂಟ ಬಿಟ್ಟು ಸ್ವತಂತ್ರವಾಗಬೇಕೇ ಎಂದು ನಮ್ಮೆಲ್ಲರನ್ನೂ ಕೇಳಿದರು. ಇಸ್ಬೆಲ್ ಜೀವಮಾನವಿಡೀ ‘ಹೌದು’ ಎನ್ನಲು ಕಾದವಳು, ಮ್ಯಾನ್ಸಿಯದು ‘ಇಲ್ಲ’. ಮತದಾನದ ಬೆಳಿಗ್ಗೆಯೇ ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯ ಮಂಚದಿಂದಲೇ ಅರ್ಜಿ ಬರೆಸಿ, ತನ್ನ ಪರವಾಗಿ ಮತ ಹಾಕಲು ಇಸ್ಬೆಲಳನ್ನೇ ನೇಮಿಸಿದ. ಅವನ ಮಗಳು ಹಣೆ ಚಚ್ಚಿಕೊಂಡಳು.

“ಅವಳು ಎರಡನ್ನೂ ‘ಹೌದು’ಗೇ ಹಾಕಿದ್ರೆ ಯಾರಿಗಪ್ಪಾ ಗೊತ್ತಾಗತ್ತೆ?”

“ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಅವಳಿಗೆ ಕೊಟ್ಟಿದ್ದು,” ಎಂದನಂತೆ.

ಅಂದು ಅವಳ ಜೊತೆ ಹೋದವನು ನಾನು. ಎರಡು ಚೀಟಿ ಹಿಡಿದು ಮರೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ, ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ನಾನೂ ‘ಹೌದು’ ಪಕ್ಷದವನೇ. ಅವಳು ಎರಡನ್ನೂ ‘ಹೌದು’ಗೇ ಹಾಕಿಬಿಡಲಿ ಎಂದು ಒಂದು ಗಳಿಗೆ ಹಾರೈಸಿದೆ, ಒಪ್ಪಿಕೊಳ್ಳುತ್ತೇನೆ. ಅವಳು ಹೊರಬಂದು ಕೋಟಿನ ಗುಂಡಿ ಹಾಕಿಕೊಂಡಳು.

“ಅವನದ್ದೇ ಮೊದಲು ಹಾಕ್ದೆ. ನನ್ನದು ಮೊದಲು ಹಾಕಿದ್ರೆ ಕೈಗೆ ರುಚಿ ಹತ್ತಿಬಿಡ್ತಿತ್ತು. ಅಷ್ಟೇ ಮತ್ತೆ.”

ಮರುದಿನ ‘ಇಲ್ಲ’ ಗೆದ್ದಿತು. ಇಸ್ಬೆಲ್ ಮನಸಾರೆ ಅತ್ತು, ಮುಖ ತೊಳೆದು, ರೊಟ್ಟಿ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟಳು. ತನ್ನ ಮತ ಏನಾಯಿತೆಂದು ಮ್ಯಾನ್ಸಿ ಕೇಳಲೇ ಇಲ್ಲ.

“ಹಲ್ಲು ಕಿರೀಬೇಡ ಕಣೋ. ಆ ‘ಇಲ್ಲ’ಗಳಲ್ಲಿ ಒಂದು ನನ್ನ ಕೈಯಿಂದ ಬಿದ್ದಿದ್ದು.”

“ಹಾಗಾದ್ರೆ ನಮ್ಮನ್ನ ಗೆಲ್ಲಿಸಿದ್ದು ನೀನೇ ಅನ್ನು,” ಎಂದು ಅವನು ರೊಟ್ಟಿಗೆ ಕೈ ಚಾಚಿದ. ಅವಳು ಬೈಯುತ್ತಲೇ ದೊಡ್ಡ ತುಂಡನ್ನು ಅವನಿಗಿತ್ತಳು.

ನಂಬಿದ್ದಕ್ಕಾಗಿ ಊರೆಲ್ಲ ಕೂಗಾಡುವವರು ಹೇರಳ. ನಾನೂ ಆ ಗುಂಪಿನವನೇ. ಆದರೆ ಯಾರೂ ಕಾಣದ ಮರೆಯಲ್ಲಿ ತಮ್ಮ ಕೈಯಾರೆ ತಮ್ಮ ಸೋಲಿಗೆ ಗುರುತು ಹಾಕಿ ಬರಬಲ್ಲ ಇಂಥವರಿಗೆ ಮಾತ್ರ ಮನೆಯ ಬೀಗದ ಕೈಯನ್ನಾಗಲಿ, ದೇಶವನ್ನಾಗಲಿ ಒಪ್ಪಿಸಿ ನಿಶ್ಚಿಂತೆಯಿಂದ ನಿದ್ದೆಮಾಡಬಹುದು.