ಗಾಜಿನಾಚೆಯ ಲಿಂಗ

"ಇದನ್ನ ತಗಿ ಅಂದ್ರ ನಾ ಒಳಗ ಹೋಗಂಗಿಲ್ಲ ಯವ್ವಾ!" ಎಂದು ವೀರಪ್ಪ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಗೋಕಾಕದ ಆಸ್ಪತ್ರೆಯ ಆ ಕೋಣೆಯಲ್ಲಿ ಆಳುದ್ದದ ಗಾಜಿನ ಕೊಳವೆ ಬಾಯಿ ತೆರೆದುಕೊಂಡಿತ್ತು. ಫೌಜಿನಲ್ಲಿ ತೋಪು ಹಾರಿಸಿದ ಹವಾಲ್ದಾರ, ಈಗ ನೋಡಿದರೆ ಹಟಮಾರಿ ಮಗು.

ಡಾಕ್ಟರ್ ಯಶೋಧರಾ ಸಿಟ್ಟಾಗಲಿಲ್ಲ. "ಕಾಕಾ, ಒಳಗ ಬರೇ ಆಕ್ಸಿಜನ್ ಒತ್ತಿ ತುಂಬಿರತೈತ್ರಿ. ಬೆಳ್ಳಿ ತಾಕಿ ಒಂದ ಕಿಡಿ ಹಾರಿತಂದ್ರ ಮುಗೀತು. ಲಿಂಗದ ಮ್ಯಾಲಿನ ಲೇಪಾನೂ ನಡಿಯಂಗಿಲ್ಲ, ಅದರಾಗ ಎಣ್ಣಿ ಇರತೈತಿ."

"ಲಿಂಗ ಕಟ್ಟಿದಾಗಿಂದ ಮೈ ಬಿಟ್ಟಿಲ್ಲ ಯವ್ವಾ. ಗಡಿ ಮ್ಯಾಲೂ ಇಳಿಸಿಲ್ಲ."

ನಿಜ ಹೇಳಬೇಕೆಂದರೆ ಅವನು ಬಂದದ್ದೇ ಆ ಲಿಂಗದ ಸಲುವಾಗಿ. ತೋಪುಗಳು ಕಿವಿಯಲ್ಲಿ ಬಿಟ್ಟುಹೋದ 'ಕುಂಯ್' ಎಂಬ ಕೂಗು ನಿವೃತ್ತಿಯಾಗಿ ತನ್ನೂರು ತುಕ್ಕಾನಟ್ಟಿಗೆ ಮರಳಿದ ಮೇಲೂ ನಿಂತಿರಲಿಲ್ಲ. ಮುಂಜಾನೆ ಲಿಂಗವನ್ನು ಎಡಗೈಯಲ್ಲಿಟ್ಟು ಕೂತರೆ ಅದು ಇನ್ನೂ ಜೋರು. ಸದ್ದಿಲ್ಲದ ಒಂದೇ ಒಂದು ಪೂಜೆ, ಅಷ್ಟೇ ಅವನ ಆಸೆ. ಕಿವಿಯ ಕೂಗಿಗೆ ಈ ಆಕ್ಸಿಜನ್ ಚಿಕಿತ್ಸೆ ಎಲ್ಲರಿಗೂ ಫಲಿಸುವುದಿಲ್ಲ ಎಂದು ಯಶೋಧರಾ ಮೊದಲೇ ಹೇಳಿದ್ದಳು.

ಹೆಂಡತಿ ಬಾಳವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನನ್ನ ಕೈಯಾಗ ಕೊಡ್ರಿ. ಗಾಜಿನ ಬಾಜೂಕ ಹಿಡಕೊಂಡ ಕುಂದರತೇನಿ. ಒಳಗಿಂದ ನೋಡ್ರಿ."

"ಒಬ್ಬರ ಲಿಂಗ ಇನ್ನೊಬ್ಬರ ಕೈಯಾಗ? ಮಂದಿ ಉಗಳತಾರ."

"ಉಗಳಲಿ. ನನ್ನ ಕೊರಳಾಗೂ ಲಿಂಗ ಐತಿ. ನಾ ಏನ್ ಕೆಡವತೇನೇನು?"

ವೀರಪ್ಪ ದಾರದ ಗಂಟು ಬಿಚ್ಚಿ, ಕರಡಿಗೆಯಿಂದ ಲಿಂಗ ತೆಗೆದು ಅವಳ ಅಂಗೈಯಲ್ಲಿಟ್ಟ.

ಮೊದಮೊದಲು ಏನೂ ಆಗಲಿಲ್ಲ. ದಿನವೂ ಬಸ್ಸು ಹತ್ತಿ ಬಂದರು. ಒಳಗೆ ಅವನು ಮಗ್ಗುಲಾಗಿ ಮಲಗಿ ನೋಡುವುದು, ಹೊರಗೆ ಅವಳು ಸ್ಟೂಲಿನ ಮೇಲೆ ಕೂತು ಅಂಗೈ ಚಾಚುವುದು. ಕೂಗು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. "ಮದಿವ್ಯಾದಾಗಿಂದ ನನ್ನ ಕಡೆ ಇಷ್ಟ ಹೊತ್ತು ನೋಡಿದ್ದಿಲ್ಲ ನೀವು," ಎಂದು ಬಾಳವ್ವ ನಗೆಯಾಡಿದಳು.

ಆಮೇಲೊಂದು ಮಧ್ಯಾಹ್ನ ಆ ಕೂಗು ನಿಂತಿತು.

ವೀರಪ್ಪನಿಗೆ ಮೊದಲು ಆದದ್ದು ಹೆದರಿಕೆ. ಕಿವಿಯೇ ಸತ್ತುಹೋಯಿತೇನೋ ಎಂದುಕೊಂಡ. ಅಷ್ಟರಲ್ಲಿ ಉಸಿರು ಕೇಳಿಸಿತು, ತನ್ನದೇ ಉಸಿರು. ಅದರ ಹಿಂದೆ ಏನೂ ಇರಲಿಲ್ಲ. ಅಬ್ಬಾ, ಆ ಏನೂ ಇಲ್ಲದ್ದು ಎಷ್ಟು ದೊಡ್ಡದಿತ್ತು! ಇಷ್ಟು ದಿನ ಇದು ಎಲ್ಲಿತ್ತು? ಗಾಜಿನಾಚೆ ಅಂಗೈ, ಅಂಗೈಯಲ್ಲಿ ಕರಿಯ ಲಿಂಗ. ಕಣ್ಣೀರು ಇಳಿದು ಕಿವಿಯೊಳಗೆ ಹೋಯಿತು. ಅವನು ಒರೆಸಿಕೊಳ್ಳಲಿಲ್ಲ.

ಮುಚ್ಚಳ ತೆರೆದಾಗ ಬಾಳವ್ವ ಗಾಬರಿಯಾದಳು. "ಯಾಕ್ರಿ, ಅಳಾಕತ್ತೀರಿ?"

"ಮಾತಾಡಬ್ಯಾಡ," ಎಂದು ಅವನು ಪಿಸುಗುಟ್ಟಿದ. "ಆ ಕೂಗು ಇನ್ನೂ ಹೊಳ್ಳಿ ಬಂದಿಲ್ಲ."

ಅವಳು ಲಿಂಗ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಎದ್ದು ಕೂತು, ಜೋಮು ಹಿಡಿದಿದ್ದ ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅಂಗೈಯ ಲಿಂಗದಲ್ಲೇ ಕಣ್ಣು ನೆಟ್ಟ.

ಬಾಗಿಲಲ್ಲಿದ್ದ ಯಶೋಧರಾ ಸದ್ದಾಗದಂತೆ ಗೋಡೆಯ ಸ್ವಿಚ್ಚಿಗೆ ಕೈ ಚಾಚಿ, ಗುಂಯ್‌ಗುಡುತ್ತಿದ್ದ ಫ್ಯಾನು ಆರಿಸಿದಳು.