ಹಳದಿ ಗೀಟು

ಬೆಂಕಿಯಲ್ಲಿ ನಾನಿದ್ದದ್ದು ಹನ್ನೊಂದೇ ಸೆಕೆಂಡು. ಟಿವಿಯವರು ಅದನ್ನು ಮೂರು ದಿನ ಉರಿಸಿದರು. ಮೊದಲ ದಿನ ನಾನು 'ಅಗ್ನಿಪುತ್ರ', ಎರಡನೆಯ ದಿನ 'ಸಾವನ್ನೇ ಹಿಂದಿಕ್ಕಿದ ವೀರ'. ಮೂರನೆಯ ದಿನ ಯಾವುದೋ ನಟಿಯ ಮದುವೆ ಮುರಿಯಿತು, ನಾನು ಬರೀ ಸುಟ್ಟ ಡ್ರೈವರ್ ಆದೆ. ಅಸಲಿಗೆ ನಾನು ಯಾರನ್ನೂ ಹಿಂದಿಕ್ಕಿರಲಿಲ್ಲ. ಓಟದ ಏಳನೆಯ ಸುತ್ತಿನಲ್ಲಿ ಹಿಂದೆ ಭುಗ್ ಎಂದಿತು, ಕಾರು ಗೋಡೆಗೆ ಬಡಿಯಿತು, ನಾನು ಬೆಲ್ಟು ಕಿತ್ತುಕೊಂಡು ಬಾಲ ಸುಟ್ಟ ಬೆಕ್ಕಿನಂತೆ ಹೊರಕ್ಕೆ ಹಾರಿದೆ. ವೀರರು ಹಾಗೆ ಕಿರುಚುವುದಿಲ್ಲ.

ನಾಲ್ಕನೆಯ ದಿನ ಆಸ್ಪತ್ರೆಯ ಕೋಣೆಗೆ ತಂಡದ ಯಜಮಾನರು ಬಂದರು. ಜೊತೆಗೆ ಪ್ರಚಾರದವನು, ಹೂಗುಚ್ಛ ಹಿಡಿದುಕೊಂಡು. ಹೂಗುಚ್ಛಕ್ಕೂ ಪ್ರಾಯೋಜಕರ ಬಣ್ಣದ ನೀಲಿ ರಿಬ್ಬನ್ನು. ನನ್ನ ಎರಡೂ ಕೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿದ್ದವು. ಹೆಂಡತಿ ಸೂಪು ಕುಡಿಸುತ್ತಿದ್ದಳು.

"ಏನಯ್ಯಾ ಹುಲಿ, ನಾವೆಲ್ಲ ಒಂದೇ ಕುಟುಂಬ, ಅರ್ಥ ಆಯ್ತಾ?" ಎಂದರು ಯಜಮಾನರು. ಅವರ ಪ್ರತಿ ಮಾತಿನ ಕೊನೆಗೂ ಒಂದು 'ಅರ್ಥ ಆಯ್ತಾ' ತೂಗಾಡುತ್ತದೆ, ಅರ್ಥ ಮಾತ್ರ ಮಾತಿನಲ್ಲಿರುವುದಿಲ್ಲ. ಅವರು 'ಕುಟುಂಬ' ಎಂದಾಗಲೆಲ್ಲ ತಂಡದಲ್ಲಿ ಯಾರಾದರೊಬ್ಬರ ಕೆಲಸ ಹೋಗುತ್ತದೆ.

"ನಾಳೆ ತನಿಖೆ ಮೇಡಂ ಬರ್ತಾರೆ. ಪೆಟ್ರೋಲ್ ಪೈಪಿನ ನಟ್ಟು ಸಡಿಲ ಆಗಿತ್ತಂತೆ. ಮೇಸ್ತ್ರಿ ಸರಿಯಾಗಿ ಬಿಗಿ ಮಾಡಿರಲಿಲ್ಲ ಅಂದುಬಿಡು, ಅಷ್ಟೇ. ಮುಂದಿನ ವರ್ಷದ ಕಾರು ನಿಂದೇ. ಅರ್ಥ ಆಯ್ತಾ?"

"ಒಂದೇ ವಾಕ್ಯ ಸಾರ್," ಎಂದು ಪ್ರಚಾರದವನು ಹಲ್ಲು ಬಿಟ್ಟ. "ಆಮೇಲೆ ಒಂದು ಫೋಟೋ. ಬ್ಯಾಂಡೇಜ್ ಸ್ವಲ್ಪ ಮೇಲೆ ಹಿಡೀಬೇಕು."

ಮೇಸ್ತ್ರಿ ಎಂದರೆ ನನ್ನ ಹೆಂಡತಿಯ ಅಣ್ಣ. ಆ ಒಂದು ವಾಕ್ಯ ನನ್ನ ಬಾಯಿಂದ ಬಂದರೆ ಇನ್ನು ಯಾವ ತಂಡವೂ ಅವರ ಕೈಗೆ ಸ್ಪ್ಯಾನರ್ ಕೊಡುವುದಿಲ್ಲ. ಹೆಂಡತಿ ಬಟ್ಟಲು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಹೂಗುಚ್ಛ ನೋಡಿದೆ.

ಭಾವನ ಕೆಲಸದ ರೀತಿ ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಅವರು ಒಂದು ನಟ್ಟು ಬಿಗಿ ಮಾಡಿದರೆ, ಅದರ ಮೇಲಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ಬೆಳಗಿನ ಅಭ್ಯಾಸ ಮುಗಿದ ಮೇಲೆ, ಓಟಕ್ಕೆ ಮುಂಚೆ, ಟಾರ್ಚು ಹಿಡಿದು ಒಂದೊಂದೇ ಗೀಟು ನೋಡುವುದು ಅವರ ನೇಮ.

ಓಟದ ದಿನ, ಅಭ್ಯಾಸ ಮುಗಿದಾಗ, ಅವರು ಕಾಗದಪತ್ರಕ್ಕೆಂದು ಆಫೀಸಿಗೆ ಹೋಗಿದ್ದರು. ಶೆಡ್ಡಿನಲ್ಲಿ ಪ್ರಾಯೋಜಕರ ಫೋಟೋ. ಇಂಜಿನ್ನಿನ ಮುಚ್ಚಳ ತೆರೆದಿತ್ತು. ಪ್ರಚಾರದವನು ಮೂಗು ಮುರಿದ: "ಛೇ, ಇದೇನ್ ಸಾರ್ ಹಳದಿ ಹಳದಿ? ನಮ್ ಬಣ್ಣ ನೀಲಿ." ಯಜಮಾನರು "ಒರೆಸು, ಅರ್ಥ ಆಯ್ತಾ" ಎಂದರು. ಅವನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲ ಗೀಟುಗಳನ್ನೂ ಒರೆಸಿ ಹೊಳಪು ಬರಿಸಿದ. ತನ್ನ ಮನೆಯ ಲೋಟ ತೊಳೆಯದವನು ನಟ್ಟು ತೊಳೆದ. ನಾನು ಪಕ್ಕದಲ್ಲಿ ಹೆಲ್ಮೆಟ್ಟು ಹಿಡಿದು ಹಲ್ಲು ತೋರಿಸುತ್ತ ನಿಂತಿದ್ದೆ.

ಭಾವ ಬಂದವರೇ ದಂಗಾದರು. "ಗೀಟು ಎಲ್ಲಿ? ಮತ್ತೆ ಎಲ್ಲಾನೂ ಬಿಗಿ ಮಾಡ್ಬೇಕು. ಅರ್ಧ ಗಂಟೆ ಬೇಕು."

ಅರ್ಧ ಗಂಟೆ ತಡವಾದರೆ ನಾನು ಕಟ್ಟಕಡೆಯಿಂದ ಹೊರಡಬೇಕಿತ್ತು. ಹೊರಡುವ ಸಾಲಿನಲ್ಲಿ ಜನ್ಮದಲ್ಲಿ ಮೊದಲ ಬಾರಿ ಮೂರನೆಯ ಜಾಗ ಸಿಕ್ಕಿತ್ತು. "ಒರೆಸೋಕೆ ಮುಂಚೆ ನಾನೇ ಒಂದೊಂದೂ ನೋಡ್ದೆ ಭಾವ, ಎಲ್ಲಾ ನೆಟ್ಟಗಿತ್ತು," ಎಂದೆ.

ನಾನು ನೋಡಿದ್ದು ಕ್ಯಾಮೆರಾವನ್ನು ಮಾತ್ರ.

ಭಾವ ನಂಬಿದರು. ಮುಚ್ಚಳ ಹಾಕಿದರು.

ಮರುದಿನ ತನಿಖೆಯ ಮೇಡಂ ಬಂದರು. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ಗೀಟು ಒರೆಸಿದ್ರು ಅಂತ ನಿಮ್ಮ ಮೇಸ್ತ್ರಿ ಹೇಳ್ತಾರೆ. ಗೀಟು ಹಾಕೇ ಇರಲಿಲ್ಲ ಅಂತ ಯಜಮಾನರು. ನೀವೇನು ಹೇಳ್ತೀರಿ?"

ಯಜಮಾನರ ವಾಕ್ಯ ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು, 'ಅರ್ಥ ಆಯ್ತಾ' ಸಮೇತ. ಹೆಂಡತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬೈದಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತೇನೋ.

"ಒರೆಸಿದ್ರು," ಎಂದೆ. "ಯಾರು ಒರೆಸಿದ್ದು, ಯಾರು ಒರೆಸು ಅಂದದ್ದು, ಎರಡೂ ಬರ್ಕೊಳ್ಳಿ. ಮೇಸ್ತ್ರಿ ಮತ್ತೆ ಬಿಗಿ ಮಾಡ್ತೀನಿ ಅಂದ್ರು. ಗೀಟು ನೋಡಿದೀನಿ ಅಂತ ನಾನು ಸುಳ್ಳು ಹೇಳ್ದೆ."

ಮೇಡಂ ಪೆನ್ನು ನಿಲ್ಲಿಸಿದರು. "ಯಾಕೆ?"

"ಮೂರನೇ ಜಾಗ ಸಿಕ್ಕಿತ್ತು ಮೇಡಂ."

"ಮೂರನೇದಕ್ಕಾ?" ಎಂದು ಕೇಳಿದರು. ಮೊದಲನೆಯದಾಗಿದ್ದರೆ ಅವರಿಗೆ ಅಷ್ಟೊಂದು ಅಸಹ್ಯವಾಗುತ್ತಿರಲಿಲ್ಲವೇನೋ.

ನನ್ನ ಲೈಸೆನ್ಸು ಎರಡು ವರ್ಷಕ್ಕೆ ಹೋಯಿತು. ಯಜಮಾನರು ನನ್ನನ್ನು ಕುಟುಂಬದಿಂದ ಕೈಬಿಟ್ಟರು. ಸುರಕ್ಷತೆಯೇ ನಮ್ಮ ಉಸಿರು ಎಂದು ಪ್ರಚಾರದವನು ನೀಲಿ ಅಕ್ಷರದಲ್ಲಿ ಪ್ರಕಟಣೆ ಹೊರಡಿಸಿದ. ಅವನ ಹೆಸರು ತನಿಖೆಯ ವರದಿಯಲ್ಲಿ ಬಂದ ದಿನವೇ ಅದೂ ಬಂತು. ಭಾವನ ಮೇಲೆ ಯಾವ ತಪ್ಪೂ ಇಲ್ಲವೆಂದು ವರದಿ ಹೇಳಿತು.

ವರದಿ ಬಂದ ಸಂಜೆ ಭಾವ ಬಂದರು. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಹಾಗೇ ಇತ್ತು. ಕೆಲಸ ಉಳಿಸಿದ್ದಕ್ಕೆ ಏನಾದರೂ ಅನ್ನುತ್ತಾರೆಂದು ನಾನು ದಿಂಬಿನ ಮೇಲೆ ಸ್ವಲ್ಪ ಏರಿ, ವಿನಯದ ಮುಖ ಮಾಡಿಕೊಂಡೆ.

"ಇಷ್ಟು ದಿನ ನಿದ್ದೆ ಮಾಡಿಲ್ಲ ಕಣೋ," ಎಂದರು. "ನೀನು ಗೀಟು ನೋಡಿದೀನಿ ಅಂದಿದ್ದೆ. ನೆಟ್ಟಗಿದ್ದ ನಟ್ಟು ಹೇಗಪ್ಪಾ ಸಡಿಲ ಆಯ್ತು, ನನ್ನ ಕೈಯೇ ತಪ್ಪಿತೇನೋ ಅಂತ. ಶೆಡ್ಡಿನಲ್ಲಿ ನನ್ನ ಕೈಯನ್ನೇ ನಂಬದೆ ಒಂದೊಂದು ನಟ್ಟನ್ನೂ ಮೂರು ಮೂರು ಸಲ ಬಿಗಿ ಮಾಡ್ತಿದ್ದೆ. ಇಪ್ಪತ್ತೆರಡು ವರ್ಷ ಪಳಗಿದ ಕೈ."

ವಿನಯದ ಮುಖವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. "ಕೂತ್ಕೊಳ್ಳಿ ಭಾವ," ಎಂದೆ.

"ಬೇಡ. ಕೂತ್ರೆ ನಿನ್ನ ಮೇಲೆ ಕನಿಕರ ಬರುತ್ತೆ."

ಹೆಂಡತಿ ಕುರ್ಚಿಯನ್ನು ಎತ್ತಿ ಹೊರಗಿಟ್ಟು ಬಂದಳು.