ಗಾಜಿನ ಪೆಟ್ಟಿಗೆಗಳ ನಡುವೆ ಒಂದು ಚರಕ

ಮಧ್ಯಾಹ್ನ ಮೂರು ಗಂಟೆ. ರೇಷ್ಮೆಯ ಎಳೆ ಮತ್ತೆ ಕಡಿಯಿತು, ಚರಕ ನಿಲ್ಲಲಿಲ್ಲ — ಕಡಿದ ತುದಿ ಚಕ್ರದ ಜೊತೆ ಮೇಲೇರಿ, ಬೆಳಕಿಗೆ ಹೊಳೆದು, ಆಚೆಗಿಳಿದು, ಮತ್ತೆ ಮೇಲೇರುತ್ತಿದೆ, ಸವರಿಯಮ್ಮ ಕುದಿನೀರಿನ ಬಾಣಲೆಯ ಮುಂದೆ ಉಸಿರು ಹಿಡಿದು ಕೂತಿದ್ದಾಳೆ, ಯಾರೋ ನಿಲ್ಲಿಸುತ್ತಾರೆ ಎಂಬಂತೆ, ಯಾರು ನಿಲ್ಲಿಸಬೇಕು, ಹಿಡಿ ತಿರುಗಿಸುತ್ತಿರುವವನು ಬೆಟ್ಟಯ್ಯ, ದಸರಾ ಪ್ರದರ್ಶನದವರು ಗೊತ್ತುಮಾಡಿದ ಆಳು, ಹೊಗೆ ತಾಳದೆ ಮುಖ ಗೋಡೆಗೆ ಮಾಡಿ ಕೂತವನಿಗೆ ಎಳೆ ಹೇಗೆ ಕಾಣಬೇಕು. ಕೂಗಬಾರ್ದೇನಮ್ಮಾ, ಕಡೆಗೆ ಅವನೇ ತಿರುಗಿ ನೋಡಿ ಅನ್ನುತ್ತಾನೆ, ನಂಗೇನು ಬೆನ್ನಲ್ಲಿ ಕಣ್ಣವಾ, ಬಾಯಿಗೆ ಬೀಗ ಜಡಿದ್ಬುಟ್ಟು ಕೂತಿದ್ದೀರಲ್ಲ. ನೋಡಲು ನಿಂತ ಹೆಂಗಸರು ನಗುತ್ತಾರೆ, ಮೂಗಿಗೆ ಸೆರಗು ಹಿಡಿದೇ ನಗುತ್ತಾರೆ, ಬೆಂದ ಹುಳುವಿನ ನಾತ ಅವರಿಗೆ, ಅವಳಿಗೆ ಮಾತ್ರ ಅದು ಹಿತ್ತಲಿನ ವಾಸನೆ, ಬನ್ನಿಮಂಟಪದ ಕಡೆಯ ಆ ಹೆಂಚಿನ ಮನೆ, ಅಲ್ಲಿ ಗಂಡ ಮೈಕಲಪ್ಪನೂ ಹೀಗೇ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ, ಮದುವೆಯಾದ ಹೊಸದರಿಂದಲೂ ಗಂಡ ತಿರುಗಿಸುವುದು ಹೆಂಡತಿ ಎಳೆ ಕೊಡುವುದು, ನಿಲ್ಲಿಸಿ ಎಂದು ಅವಳು ಒಂದು ದಿನವೂ ಬಾಯಿ ಬಿಟ್ಟವಳಲ್ಲ, ಎಳೆ ಕಡಿಯುವಷ್ಟರಲ್ಲಿ ಚಕ್ರ ನಿಂತಿರುತ್ತಿತ್ತು. ಅದೆಂಗೆ ಗೊತ್ತಾಗ್ತದೆ ನಿಮಗೆ. ಹಿಡಿ ಹೇಳ್ತದೆ ಕಣೇ. ಅವಳು ನಂಬಿದ್ದಳು, ನೆರೆಯವರಿಗೂ ಹೇಳಿಕೊಂಡು ತಿರುಗಿದ್ದಳು, ನಮ್ಮ ಮನೆಯವರ ಕೈಗೆ ಹಿಡಿ ಮಾತಾಡ್ತದೆ ಅಂತ. ಜ್ವರದಲ್ಲಿ ಮಲಗಿದಾಗ ತಾನೇ ಗುಟ್ಟು ಬಿಟ್ಟುಕೊಟ್ಟ, ಮರಕ್ಕೆಲ್ಲಾದ್ರೂ ಬಾಯಿ ಇದ್ದಾದಾ ಹುಚ್ಚಿ, ಎಳೆ ಕಡೀತಿದ್ದಂಗೇ ನೀನು ಉಸಿರು ಬಿಗಿ ಹಿಡೀತೀಯ, ಅದು ಕೇಳ್ತದೆ ನಂಗೆ — ಈಸ್ಟರ್ ಹಬ್ಬಕ್ಕೆ ಮುಂಚೆ ಅವನ ಉಸಿರೇ ನಿಂತಿತು, ಚರಕದ ಮೇಲೆ ಗೋಣಿತಾಟು ಹೊದಿಸಿದಳು, ದಸರಾ ಬರುವ ತನಕ ತೆಗೆಯಲಿಲ್ಲ.

ಹಳೆಯ ನಾಡಚರಕ ಇದು, ಮೇಲ್ವಿಚಾರಕ ರುದ್ರಸ್ವಾಮಿಯವರು ಬೆತ್ತ ತೋರಿಸಿ ಜನರಿಗೆ ಹೇಳುತ್ತಿದ್ದಾರೆ, ಆ ಪಕ್ಕದ್ದು ಹೊಸ ಯಂತ್ರ, ಬೆಲ್ಟು ತಿರುಗಿಸುತ್ತದೆ, ತಿರುಗಿಸುವ ಆಳು ಬೇಡ. ಆಳು ಬೇಡ. ಎದುರಿನ ಗಾಜಿನ ಪೆಟ್ಟಿಗೆಗಳಲ್ಲಿ ಗಂಧದೆಣ್ಣೆಯ ಸೀಸೆ, ಬೀಟೆಮರಕ್ಕೆ ದಂತ ಕೂರಿಸುವ ಉಳಿಗಳು, ಹಿಡಿದ ಕಡೆ ಸವೆದು ನುಣ್ಣಗಾದ ಉಳಿಗಳು, ಪಕ್ಕದಲ್ಲಿ ಹೆಸರಿನ ಚೀಟಿ, ಚೀಟಿಯಲ್ಲಿ ಉಳಿಯ ಹೆಸರೇ ಹೊರತು ಆ ಕೈಯದಲ್ಲ. ಇವತ್ತು ಕಡೇ ದಿನ, ಹೇಳಿಬಿಡಿ ಸವರಿಯಮ್ಮನವರೇ, ಬೆಳಿಗ್ಗೆಯೇ ರುದ್ರಸ್ವಾಮಿಯವರು ಕೇಳಿದ್ದರು, ಚರಕ ಇಲ್ಲೇ ಮ್ಯೂಸಿಯಮ್ಮಿಗೆ ಬಿಟ್ಟುಕೊಡ್ತೀರೋ, ಮನೆಗೆ ಕಳಿಸಲೋ. ಸಂಜೆ ಹೇಳ್ತೀನಿ ಸ್ವಾಮಿ. ಕೊಟ್ಟರೆ ಇದೂ ಗಾಜಿನ ಹಿಂದೆ, ಅವಳು ತಂಗಿ ಕ್ಯಾಥರೀನಳ ಅಡುಗೆಮನೆಯ ಮೂಲೆಗೆ, ಬಾ ಅಕ್ಕಾ ಎಂದು ಕರೆಯುತ್ತಲೇ ಇದ್ದಾಳೆ, ಕರೆಯುವಾಗ ಗಂಡನ ಮುಖ ನೋಡಿಯೇ ಕರೆಯುತ್ತಾಳೆ. ಮನೆಗೆ ಒಯ್ದರೆ ತಿರುಗಿಸಲು ಬರುತ್ತೇನೆಂದು ಬೆಟ್ಟಯ್ಯ ಒಪ್ಪಿದ್ದಾನೆ, ಒಳ್ಳೆಯವನೇ, ಆದರೆ ಹೀಗೆ ಕಡಿದದ್ದರ ಮೇಲೆ ಕಡಿದದ್ದು ಸುತ್ತಿಕೊಂಡ ನೂಲನ್ನು ಯಾರು ಮುಟ್ಟುತ್ತಾರೆ, ಕೂಗಿದರೆ ಆಯಿತು, ಒಂದೇ ಮಾತು, ಆದರೆ ಕೂಗಿದರೆ ಹಿಡಿಯಲ್ಲಿ ಮೈಕಲಪ್ಪ ಇಲ್ಲವೆಂದು ತಾನೇ ಸಾರಿದ ಹಾಗೆ —

ಕಡಿಯಿತು. ತುದಿ ಮೇಲೇರುತ್ತಿದೆ, ಹೊಳೆಯುತ್ತಿದೆ, ಇಳಿಯುತ್ತಿದೆ, ಅವಳ ಎದೆಯಲ್ಲಿ ಉಸಿರು ಕಟ್ಟಿದೆ, ಎಷ್ಟು ಜೋರಾಗಿ ಕಟ್ಟಿದೆಯೆಂದರೆ ಅವಳಿಗೇ ಕೇಳುತ್ತಿದೆ, ಓಹೋ, ಇದನ್ನು ಕೇಳುತ್ತಿದ್ದನೇ ಅವನು, ಇಷ್ಟು ವರ್ಷ, ಬೆನ್ನು ತಿರುಗಿಸಿಕೊಂಡು, ಮೇಲೇರುತ್ತಿದೆ, ಇಳಿಯುತ್ತಿದೆ. ತಡಿಯಪ್ಪಾ! ಗಂಧದೆಣ್ಣೆಯ ಮುಂದಿದ್ದವರೆಲ್ಲ ತಿರುಗಿ ನೋಡುವಷ್ಟು ಒರಟಾಗಿ ಬಂತು ಮಾತು. ಚಕ್ರ ನಿಂತಿತು. ಅಂಗನ್ನಿ ಮತ್ತೆ, ಬೆಟ್ಟಯ್ಯ ನಕ್ಕ, ಇಷ್ಟು ದಿನ ನನ್ನ ಕೈಲಿ ಗಾಳಿ ಸುತ್ತಿಸಿಬುಟ್ರಲ್ಲಾ. ಅವಳು ಕಡ್ಡಿಯಿಂದ ಗೂಡುಗಳನ್ನು ಕಲಕಿ ಹೊಸ ಎಳೆ ಎತ್ತಿದಳು, ಕೂಡಿಸಿದಳು, ತಿರುಗಿಸು. ಮತ್ತೆ ಕಡಿಯಿತು, ತಡಿ. ಈ ಸಲ ಉಸಿರು ಹಿಡಿಯುವ ಮೊದಲೇ ಮಾತು ಬಂದಿತ್ತು, ಚಕ್ರ ನಿಂತಿದೆ, ಕಡಿದ ತುದಿ ಅಲ್ಲೇ ತೂಗಾಡುತ್ತಿದೆ, ಬೆಳಕಿನಲ್ಲಿ, ಅಲ್ಲೇ.

ಮರುದಿನ ಚರಕವನ್ನು ಎತ್ತಿನಗಾಡಿಗೆ ಏರಿಸಿ ಮನೆಗೆ ಕಳಿಸಿದರು. ಮ್ಯೂಸಿಯಮ್ಮಿನವರು ಚರಕಕ್ಕೆಂದು ಇಟ್ಟುಕೊಂಡಿದ್ದ ಜಾಗಕ್ಕೆ ಒಂದು ಗಾಣ ತಂದಿಟ್ಟರು.